ಕೊಂದದ್ದು 'ಶಂಕೆ'ಯಲ್ಲ

2018ರ ಜುಲೈ 13. ಬೀದರ ಜಿಲ್ಲೆಯ ಔರಾದ ಭಾಗದ ಮುರ್ಕಿ. ಮಕ್ಕಳಿಗೆ ಚಾಕಲೇಟ್ ಕೊಟ್ಟರೆಂದು, ಹೈದರಾಬಾದಿನಿಂದ ಬಂದ ಗೆಳೆಯರನ್ನು 'ಮಕ್ಕಳ ಕಳ್ಳರು' ಎಂದು ವಾಟ್ಸಾಪ್ ಸಾರಿತು. ಅವರ ಕಾರಿಗಿಂತ ಮೊದಲೇ ಸುಳ್ಳು ಮುರ್ಕಿ ಮುಟ್ಟಿತ್ತು. ಗುಂಪು ಅಡ್ಡಗಟ್ಟಿ ಒಬ್ಬ ಯುವ ಇಂಜಿನಿಯರನನ್ನು ಹೊಡೆದು ಕೊಂದಿತು. ಬಿಡಿಸಹೋದ ಪೊಲೀಸರೂ ಏಟು ತಿಂದರು.

ಇಂಥ ಕೊಲೆಗೆ ಪತ್ರಿಕೆಗಳು ಹಚ್ಚುವ ಮಾತು ನೋಡಿರಿ: 'ಮಕ್ಕಳ ಕಳ್ಳರೆಂಬ ಶಂಕೆ'. ಕೊಂದವರು ಮಾಯ, ಕಳ್ಳತನದ ಮಸಿ ಸತ್ತವನ ಮೈಮೇಲೆ! 'ಸುಳ್ಳು ನಂಬಿ ಕೊಂದರು' ಎಂದು ಬರೆಯಲು ಏನಡ್ಡಿ?

ಈ ಮಸಿ ನಮಗೂ ಹೊಸದಲ್ಲ. ನಮ್ಮ ಮಾತಿಗೆ ಪತ್ರಿಕೆಗಳಲ್ಲಿ ಜಾಗವಿಲ್ಲದ್ದಕ್ಕೇ 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ತೆಗೆದರು.

ಸಾಯಗಾಂವದ ಮಾಸ್ತರರೇ, ಅಕ್ಷರದ ಜೊತೆ ಪ್ರಶ್ನೆಯನ್ನೂ ಕಲಿಸಿರಿ: ಯಾರು ಹೇಳ್ಯಾರ? ಕಂಡವರು ಯಾರು? ಬೆರಳು ಒತ್ತುವ ಮೊದಲು ಕೇಳದ ಪ್ರಶ್ನೆ, ಕಲ್ಲೆತ್ತಿದ ಮ್ಯಾಲ ಯಾರಿಗೂ ಕೇಳ್ಸಂಗಿಲ್ಲ.