ಹಾರ್ಮೋನಿಯಂ ಎದುರಿನ ಕರ್ಣ

ಕೊಳ್ಳೇಗಾಲದಿಂದ ಹನೂರು ದಾಟಿ, ಮಲೆ ಮಹದೇಶ್ವರ ಬೆಟ್ಟ ಇಳಿದು ಪಾಲಾರ್ ಮುಟ್ಟುವ ದಾರಿಯ ಜನರಿಗೆ ನಾಟಕ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ‘ಕುರುಕ್ಷೇತ್ರ’. ಸುಗ್ಗಿ ಮುಗಿದ ಮೇಲೆ ಊರಿನವರು ಸೇರಿ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ, ಪಾರ್ಟು ಹಂಚುತ್ತಾರೆ, ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ ಹಬ್ಬದ ಹೊತ್ತಿಗೆ ಬೆಳಗಿನ ತನಕ ಆಡುತ್ತಾರೆ. ನಗರದ ರಂಗಭೂಮಿಯವರ ಪೈಕಿ ಕೆಲವರು ಇದನ್ನು ಕಲೆಯೇ ಅಲ್ಲ ಎನ್ನುತ್ತಾರೆ, ಕೆಲವರು ಜನಪದ ಎಂದು ಕೈಮುಗಿದು ಸುಮ್ಮನಾಗುತ್ತಾರೆ. ರಂಗಶಾಲೆಯ ವಿದ್ಯಾರ್ಥಿಯಾಗಿದ್ದಾಗಲೇ ಊರಿಗೆ ಬಂದು ಈ ನಾಟಕದಲ್ಲಿ ಕರ್ಣನ ಪಾರ್ಟು ಮಾಡಿದ ನನಗೆ ಎರಡೂ ಸರಿಕಾಣುವುದಿಲ್ಲ. ಒಂದು ನಾಟಕಕ್ಕೆ ಸಲ್ಲಬೇಕಾದ ವಿಮರ್ಶೆ ಇದಕ್ಕೂ ಸಲ್ಲಬೇಕು.

ಇದು ಜನಪದವೂ ಅಲ್ಲ. ಕಂಪನಿ ನಾಟಕದ ನೇರ ಸಂತಾನ. ಮೈಸೂರು ಅರಮನೆಯ ಆಸರೆಯಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದ ಕಾಲದಿಂದ, ವರದಾಚಾರ್ಯರ ರತ್ನಾವಳಿ ಕಂಪನಿಯ ಹಾಡುಗಾರಿಕೆಯಿಂದ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವದಿಂದ ಹರಿದು ಬಂದದ್ದು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ಕಟ್ಟಿಕೊಂಡು ಆಡಿಸಿದರು. ಹಳ್ಳಿಗೆ ಬರುವಾಗ ಆನೆ ಕುದುರೆ ಹಿಂದೆ ಉಳಿದವು, ಹಾಡು ಮತ್ತು ಕಂದಪದ್ಯ ಉಳಿದುಕೊಂಡವು. ಈಗ ಒಬ್ಬೊಬ್ಬ ಮೇಷ್ಟ್ರ ಹತ್ತಿರ ಒಂದೊಂದು ಪ್ರತಿ ಇದೆ, ಒಂದರಂತೆ ಇನ್ನೊಂದಿಲ್ಲ. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು, ಅಂದರೆ ಡಾ. ರಾಜ್‌ಕುಮಾರ್ ಅವರ ತಂದೆ, ಗುಬ್ಬಿ ಕಂಪನಿಯಲ್ಲಿ ಹೆಸರಾದ ನಟ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದರೂ ಇಲ್ಲಿನ ನಟನ ಗಂಟಲು ಮೈಸೂರು ಸೀಮೆಯ ಕಂಪನಿಗಳ ಕಡೆಗೇ ತಿರುಗಿತ್ತು.

ತಾಲೀಮಿನ ವಿಷಯಕ್ಕೆ ಬರುತ್ತೇನೆ. ರಂಗಶಾಲೆಯಲ್ಲಿ ನಮಗೆ ಮೊದಲು ಕೂತು ಓದುವುದನ್ನು ಕಲಿಸುತ್ತಾರೆ. ಪಾತ್ರಕ್ಕೆ ಏನು ಬೇಕು, ಯಾಕೆ ಬೇಕು ಎಂದು ಕೇಳಿಕೊಳ್ಳುತ್ತೇವೆ, ಮೈ ಸಡಿಲ ಮಾಡುತ್ತೇವೆ, ಮಾತು ಬಾಯಿಗೆ ಬರುವುದು ತಡವಾಗಿ. ಊರಿನ ತಾಲೀಮಿನಲ್ಲಿ ಮೊದಲು ಬರುವುದೇ ಶ್ರುತಿ. ಮೇಷ್ಟ್ರು ಪಾತ್ರಧಾರಿಯ ಗಂಟಲು ನೋಡಿ ಹಾರ್ಮೋನಿಯಂನಲ್ಲಿ ಅವನ ಶ್ರುತಿಯ ಮನೆ ಹಿಡಿಯುತ್ತಾರೆ, ಆಮೇಲೆ ಒಂದೊಂದೇ ಹಾಡು, ಒಂದೊಂದೇ ಕಂದ. ಅಕ್ಷರ ಬಾರದವರು ಕೂಡ ಕೇಳಿ ಕೇಳಿಯೇ ಇಡೀ ದುರ್ಯೋಧನನನ್ನು ಬಾಯಿಪಾಠ ಮಾಡುತ್ತಾರೆ. ಹಗಲೆಲ್ಲ ಮುಸುಕಿನ ಜೋಳದ ಹೊಲದಲ್ಲಿ ದುಡಿದು ಬಂದವರು ನಡುರಾತ್ರಿ ತನಕ ಜಗಲಿಯ ಮೇಲೆ ನಿಂತು ತಾರಸ್ಥಾಯಿ ಮುಟ್ಟುವುದನ್ನು ಕಂಡಾಗ, ರಂಗಶಾಲೆಯ ನಮ್ಮ ಧ್ವನಿ ತರಬೇತಿ ಎಷ್ಟು ಸುಕುಮಾರವಾದದ್ದು ಅನ್ನಿಸಿತು. ‘ಉಸ್ರು ಎಲ್ಲಿ ಮುಗೀತದೋ ಅಲ್ಲೇ ಅರ್ಥನೂ ಮುಗೀಬೇಕು ಕಣಪ್ಪ’ ಎಂದು ಮೇಷ್ಟ್ರು ತಿದ್ದುತ್ತಿದ್ದರು. ಕಂದಪದ್ಯ ಹೇಳುವ ಬಗೆಯನ್ನು ಇಷ್ಟು ಚೊಕ್ಕವಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಕರ್ಣನ ದುಃಖ ಏನೆಂದು ಅವರು ಒಮ್ಮೆಯೂ ವಿವರಿಸಲಿಲ್ಲ. ಯಾವ ಸ್ವರದ ಮೇಲೆ ನಿಲ್ಲಬೇಕು, ಎಲ್ಲಿ ಎಳೆಯಬಾರದು ಎಂದಷ್ಟೇ ಹೇಳಿದರು. ಹಾಗೆ ನಿಂತಾಗ ದುಃಖ ತಾನಾಗಿ ಬಂತು. ಇದು ಈ ಪದ್ಧತಿಯ ನಿಜವಾದ ಬಲ, ಇದನ್ನು ಕಲಿಯದ ರಂಗಶಿಕ್ಷಣ ಅರ್ಧ ಶಿಕ್ಷಣ.

ಆದರೆ ನಾಟಕ ಒಬ್ಬನ ಗಂಟಲಿನಲ್ಲಿ ನಡೆಯುವುದಲ್ಲ. ಇಲ್ಲಿಂದ ಮುಂದಕ್ಕೆ ನನ್ನ ತಕರಾರು.

ಕರ್ಣನ ಪಾರ್ಟಿನ ಜೀವ ಇರುವುದು ಕುಂತಿ ಬಂದು ತಾನೇ ಹೆತ್ತ ತಾಯಿ ಎನ್ನುವ ದೃಶ್ಯದಲ್ಲಿ. ಸ್ತ್ರೀಪಾತ್ರಗಳಿಗೆ ನಮ್ಮ ಕಡೆ ಮೈಸೂರು, ಮಂಡ್ಯದ ಕಡೆಯಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಬರುವುದು ನಾಟಕದ ದಿನ ಸಂಜೆ. ಬಂದು ಬಣ್ಣ ಹಚ್ಚಿಕೊಂಡು, ಮೇಷ್ಟ್ರ ಹತ್ತಿರ ಶ್ರುತಿ, ಹಾಡು ಯಾವುದೆಂದು ಕೇಳಿಕೊಂಡು ರಂಗಕ್ಕೆ ಹೋಗುತ್ತಾರೆ. ಅವರ ನೆನಪಿನ ಶಕ್ತಿಗೆ, ಯಾವ ಊರಿನ ಯಾವ ಪ್ರತಿಗೂ ಹೊಂದಿಕೊಳ್ಳುವ ಅವರ ಚುರುಕಿಗೆ ನನ್ನ ಗೌರವವಿದೆ. ಆದರೆ ಅಷ್ಟೂ ತಿಂಗಳು ಕರ್ಣ ಯಾರ ಎದುರು ತಾಲೀಮು ಮಾಡಿದ? ಕುಂತಿಯ ಹಾಡನ್ನು ಮೇಷ್ಟ್ರೇ ಹಾಡಿದರು, ನಾನು ಹಾರ್ಮೋನಿಯಂ ನೋಡಿಕೊಂಡು ಉತ್ತರ ಕೊಟ್ಟೆ. ಐವರಲ್ಲಿ ಅರ್ಜುನನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ, ತೊಟ್ಟ ಸರ್ಪಾಸ್ತ್ರವನ್ನು ಮರಳಿ ತೊಡುವುದಿಲ್ಲ ಎಂದು ಮಗ ತನ್ನ ಸಾವನ್ನೇ ತಾಯಿಗೆ ಬರೆದುಕೊಡುವ ಮಾತು ಅದು. ನಾಟಕದ ರಾತ್ರಿ ಆ ಕಲಾವಿದೆ ನನ್ನ ಗಲ್ಲ ಹಿಡಿದು ಒಂದು ಮಾತು ತಡೆದು ನಿಂತರು. ಅದು ಪ್ರತಿಯಲ್ಲಿ ಇರದ ಮೌನ. ಅದಕ್ಕೆ ಏನು ಉತ್ತರ ಕೊಡಬೇಕೆಂದು ಯಾವ ತಾಲೀಮೂ ನನಗೆ ಕಲಿಸಿರಲಿಲ್ಲ. ಹಿಂದಿನಿಂದ ಹಾರ್ಮೋನಿಯಂ ನನ್ನ ಹಾಡಿನ ಸ್ವರ ಕೊಟ್ಟಿತು, ಹಾಡು ನಡೆಯಿತು, ಆ ಮೌನ ವ್ಯರ್ಥವಾಯಿತು.

ಇದು ಒಂದು ದೃಶ್ಯದ ಕೊರತೆಯಲ್ಲ, ಇಡೀ ಪದ್ಧತಿಯೇ ಹೀಗೆ ಕಟ್ಟಿಕೊಂಡಿದೆ. ಪಾರ್ಟಿಗೆ ಇಂತಿಷ್ಟು ಎಂದು ದುಡ್ಡು ಕೊಟ್ಟವನಿಗೆ ತನ್ನ ಹಾಡು ಪೂರ್ತಿಯಾಗಬೇಕು. ಕೃಷ್ಣನ ಪಾರ್ಟಿಗೆ ಆಸೆಪಟ್ಟವರು ಹೆಚ್ಚಾದರೆ ಕೃಷ್ಣನನ್ನೇ ಹಂಚುತ್ತಾರೆ: ಶಯನಾಗಾರದಲ್ಲಿ ಒಬ್ಬ, ಸಂಧಾನದಲ್ಲಿ ಇನ್ನೊಬ್ಬ, ಯುದ್ಧದಲ್ಲಿ ಮತ್ತೊಬ್ಬ. ದೃಶ್ಯದ ನಡುವೆ ನೆಂಟರು ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಇದರಲ್ಲಿ ಊರಿನ ಪ್ರೀತಿ ಇದೆ ಎಂಬುದನ್ನು ಬಲ್ಲೆ. ಆದರೂ ಒಬ್ಬ ಹಾಡುವಾಗ ಎದುರಿನವನು ಗದೆ ಊರಿಕೊಂಡು ತನ್ನ ಸರದಿ ಕಾಯುತ್ತಾನೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ನೇತುಹಾಕಿದ ಮೈಕು ಇದನ್ನು ಇನ್ನಷ್ಟು ಕೆಡಿಸಿದೆ. ಮೈಕಿನ ಕೆಳಗೆ ನಿಂತೇ ಮಾತಾಡಬೇಕಾದ್ದರಿಂದ ಮಗನೂ ತಾಯಿಯೂ ಪರಸ್ಪರ ನೋಡದೆ ಜನರ ಕಡೆಗೆ ಮುಖಮಾಡಿ ಅಳುತ್ತಾರೆ.

ಇದಕ್ಕೆ ಮದ್ದು ರಂಗಶಾಲೆಯಲ್ಲಿದೆ ಎಂದು ಹೇಳಲು ನಾನು ಹೊರಟಿಲ್ಲ. ಮದ್ದು ಇದೇ ಬೆಟ್ಟದ ತಪ್ಪಲಲ್ಲಿದೆ. ಮಾದೇಶ್ವರನ ಕತೆ ಹಾಡುವ ದೇವರಗುಡ್ಡರ ಕಂಸಾಳೆ ಮೇಳವನ್ನು ಗಮನಿಸಿ. ಮುಂದಾಳು ಒಂದು ಸೊಲ್ಲು ಹಾಡಿ ಬಿಡುತ್ತಾನೆ, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಅವನು ಮಾತಿಗೆ ಇಳಿದರೆ ‘ಹೂಂ’ಗುಟ್ಟುತ್ತಾರೆ, ಪ್ರಶ್ನೆ ಹಾಕುತ್ತಾರೆ. ಆ ಕತೆಯಲ್ಲಿ ಸಂಕಮ್ಮನ ಸಾಲು ಬಂದಾಗ ಇದರ ಬೆಲೆ ತಿಳಿಯುತ್ತದೆ. ಸೋಲಿಗರ ನೀಲಯ್ಯ ಜೇನಿಗೆ ಹೋಗುವ ಮುನ್ನ ಪತಿವ್ರತೆಯಾಗಿ ಇರುತ್ತೇನೆಂದು ಆಣೆಯಿಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ, ಸಂಕಮ್ಮ ಒಪ್ಪುವುದಿಲ್ಲ. ಕರ್ಣ ಕೇಳಿದ ಕೂಡಲೇ ಕೊಟ್ಟದ್ದನ್ನು ಈಕೆ ಎಷ್ಟು ಹಿಂಸೆಗೂ ಕೊಡದೆ ನಿಲ್ಲುತ್ತಾಳೆ. ವೇಷವಿಲ್ಲ, ಪರದೆಯಿಲ್ಲ. ಆದರೆ ಆಕೆಯ ನಿರಾಕರಣೆಯನ್ನು ಹಿಮ್ಮೇಳ ಕೇಳಿಸಿಕೊಂಡು ಮರಳಿ ಹಾಡುವುದರಿಂದಲೇ ಅದು ಕೂತವರ ಎದೆಗೆ ನಾಟುತ್ತದೆ. ಪಾಲಾರ್ ಹೊಳೆ ಕಾವೇರಿ ಸೇರುವ ಕಡೆಯಿಂದ ಆಚೆಗೆ ತಮಿಳುಸೀಮೆ. ಅಲ್ಲಿ ಸೇಲಂ, ಧರ್ಮಪುರಿ ಕಡೆಯ ತೆರುಕ್ಕೂತ್ತಿನಲ್ಲಿ ಇದೇ ಕರ್ಣನ ಕತೆ ‘ಕರ್ಣ ಮೋಕ್ಷಂ’ ಆಗಿ ರಾತ್ರಿಯಿಡೀ ನಡೆಯುತ್ತದೆ. ಕರ್ಣ ಯುದ್ಧಕ್ಕೆ ಹೊರಡುವಾಗ ಹೆಂಡತಿ ಪೊನ್ನುರುವಿ ತಡೆಯುತ್ತಾಳೆ, ಹಿಂದೆ ಕೂತ ಹಾಡುಗಾರರು ಅವರಿಬ್ಬರ ಪದವನ್ನೂ ಎತ್ತಿ ಹಾಡುತ್ತಾರೆ. ಹೊಳೆಯ ಎರಡೂ ದಡದಲ್ಲಿ ಕೇಳುವವರನ್ನು ರಂಗದ ಮೇಲೇ ಕೂರಿಸಿಕೊಂಡ ಪದ್ಧತಿಗಳಿರುವಾಗ, ನಡುವೆ ನಮ್ಮ ಕುರುಕ್ಷೇತ್ರ ಒಂದೇ ಒಂಟಿ ಹಾಡುಗಾರರ ಮೆರವಣಿಗೆಯಾಗಿ ಉಳಿದಿದೆ.

ಆದ್ದರಿಂದ ಇಲ್ಲಿ ತಾಲೀಮು ನಡೆಸುವವರ ಮುಂದೆ ಎರಡು ಮಾತು ಇಡುತ್ತೇನೆ. ಒಂದು, ತಾಲೀಮಿನಲ್ಲಿ ತಮ್ಮ ಪಾರ್ಟು ಇಲ್ಲದ ಹೊತ್ತು ಬೀಡಿ ಸೇದಲು ಎದ್ದು ಹೋಗುವ ಉಳಿದ ಪಾತ್ರಧಾರಿಗಳನ್ನು ಹಿಮ್ಮೇಳವಾಗಿ ಕೂರಿಸಬೇಕು. ನಾಟಕದ ರಾತ್ರಿ ಅವರು ಹಾಡದಿದ್ದರೂ ಸರಿ, ತಾಲೀಮಿನಲ್ಲಿ ಎದುರಾಳಿಯ ಸೊಲ್ಲನ್ನು ಒಮ್ಮೆ ಮರಳಿ ಹಾಡಿದವನು ಅದನ್ನು ರಂಗದಲ್ಲಿ ಕೇಳಿಸಿಕೊಳ್ಳದೆ ಇರಲಾರ. ಇನ್ನೊಂದು, ಕುಂತಿ ಮತ್ತು ದ್ರೌಪದಿಯ ಕಲಾವಿದೆಯರನ್ನು ಕೊನೆಯ ವಾರಕ್ಕಾದರೂ ಕರೆಸಬೇಕು, ಆ ದಿನಗಳಿಗೂ ಸಂಭಾವನೆ ಕೊಡಬೇಕು. ದುಡ್ಡಿಲ್ಲ ಎಂಬ ಮಾತು ಬರುತ್ತದೆ. ಸೀನರಿಗೆ, ಝಗಮಗ ದೀಪಕ್ಕೆ, ಪಾತ್ರಧಾರಿಗಳ ಫೋಟೊ ಹಾಕಿದ ಬಣ್ಣದ ಕರಪತ್ರಕ್ಕೆ ಸುರಿಯುವುದರಲ್ಲಿ ಒಂದು ಪಾಲು ತೆಗೆದರೆ ಅದು ಹೊಂದುತ್ತದೆ. ಊರೂರಿನ ಕರ್ಣರ ಎದುರು ಕುಂತಿಯಾಗಿ ನಿಂತು ಬಂದ ಆಕೆಗೆ ಆ ದೃಶ್ಯ ಎಲ್ಲಿ ಜಾರುತ್ತದೆ, ಎಲ್ಲಿ ಏರುತ್ತದೆ ಎಂಬುದು ಪ್ರತಿ ಹಿಡಿದು ಕೂತ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಮೇಷ್ಟ್ರ ಪಕ್ಕ ಆಕೆಗೂ ಒಂದು ಜಾಗ ಹಾಕಿ, ಕರ್ಣನನ್ನು ಆಕೆಯೂ ತಿದ್ದಲಿ.