ಠರಾವಿನಲ್ಲಿ ಕಾಣದ ಕಿಡಿ

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಪೋಸ್ಕೊ ಕಾರ್ಖಾನೆಗೆ 3,300ಕ್ಕೂ ಹೆಚ್ಚು ಎಕರೆ ಬೇಕಾಗಿತ್ತು. ರೈತರು ಒಪ್ಪಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಇದೇ ಜಿಲ್ಲೆಯ ಕಪ್ಪತಗುಡ್ಡದ ಕತೆಯೂ ಹೆಚ್ಚು ಬೇರೆಯಲ್ಲ: 2015ರಲ್ಲಿ ಕೊಟ್ಟ ಸಂರಕ್ಷಣೆಯನ್ನು 2016ರಲ್ಲಿ ಕಿತ್ತುಕೊಂಡವರು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿಸಿದರು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಎರಡೂ ಸರಿಯಾದ ತೀರ್ಮಾನಗಳೇ. ಎರಡನ್ನೂ ಜನರೇ ಹಟ ಹಿಡಿದು ಮಾಡಿಸಿದರು.

ದೊಡ್ಡ ಕಾರ್ಖಾನೆಗೆ ‘ಬೇಡ’ ಎನ್ನಲು ಇಷ್ಟು ಚೆನ್ನಾಗಿ ಕಲಿತ ಜಿಲ್ಲೆ, ಊರೊಳಗೇ ಇರುವ ಸಣ್ಣ ಕಾರ್ಖಾನೆಯನ್ನು ಏನು ಕೇಳಬೇಕೆಂದು ಇನ್ನೂ ಕಲಿತಿಲ್ಲ. ಹತ್ತಿಯ ಜಿನ್ನನ್ನೇ ನೋಡಿ. ಹತ್ತಿಯ ಜೊತೆ ಬಂದ ಒಂದು ಕಲ್ಲು, ಒಂದು ಮೊಳೆ ಯಂತ್ರಕ್ಕೆ ಸಿಕ್ಕರೆ ಸಾಕು, ಕಿಡಿ ಹಾರುತ್ತದೆ. ಅರಳೆಯೊಳಗೆ ಹೊಕ್ಕ ಕಿಡಿ ಕೂಡಲೇ ಉರಿಯಬೇಕೆಂದಿಲ್ಲ. ಒತ್ತಿ ಕಟ್ಟಿದ ಅಂಡಿಗೆಯ ಹೊಟ್ಟೆಯಲ್ಲಿ ದಿನಗಟ್ಟಲೆ ಹೊಗೆಯಾಡುತ್ತ ಕೂತು, ಗೋದಾಮಿನಲ್ಲಿ ಒಮ್ಮೆಲೇ ಭುಗಿಲೇಳಬಹುದು. ಬೆಂಕಿಯಾದರೂ ಕಣ್ಣಿಗೆ ಕಾಣುತ್ತದೆ. ಹತ್ತಿಯ ಧೂಳು ಕೆಲಸಗಾರರ ಎದೆಗೆ ಇಳಿಯುವುದು ಯಾರಿಗೂ ಕಾಣುವುದಿಲ್ಲ.

ಭೋಪಾಲದ ದುರಂತದ ನಂತರ, 1987ರ ತಿದ್ದುಪಡಿ ಕಾರ್ಖಾನೆ ಕಾಯ್ದೆಗೆ ಒಂದು ಮಹತ್ವದ ಮಾತು ಸೇರಿಸಿತು: ಅಪಾಯಕಾರಿ ಕೆಲಸ ನಡೆಸುವ ಕಾರ್ಖಾನೆಯ ಮಾಲೀಕ ಅಪಾಯದ ವಿವರವನ್ನು ಕಾರ್ಮಿಕರಿಗಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಗೂ ಸುತ್ತಲಿನ ಜನರಿಗೂ ತಿಳಿಸಬೇಕು. ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿ ಬರುವ ಕಾರ್ಖಾನೆಗಳಿಗಷ್ಟೇ ಈ ನಿಯಮ, ನಿಜ. ಅದರ ಹಿಂದಿನ ನ್ಯಾಯ ಮಾತ್ರ ಜಿನ್ನಿಗೂ ಎಣ್ಣೆಗಿರಣಿಗೂ ಕಲ್ಲಿನ ಕ್ರಷರಿಗೂ ಸಲ್ಲುತ್ತದೆ. ಬೆಟಗೇರಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿಯಾಗಲಿ, ಸ್ಥಳೀಯ ಸಂಸ್ಥೆಯ ಮುಂದೆ ಪರವಾನಗಿಯ ವಿಷಯ ಬಂದಾಗ ಚರ್ಚೆ ಶುಲ್ಕ, ತೆರಿಗೆ, ಊರ ಹುಡುಗರಿಗೆ ಎಷ್ಟು ಕೆಲಸ ಎಂಬಲ್ಲಿಗೆ ನಿಲ್ಲಬಾರದು.

ದೊಡ್ಡ ಕಂಪನಿ ಬಂದರೆ ಸಮುದಾಯ ಅಭಿವೃದ್ಧಿಯ ಮಾತೂ ಬರುತ್ತದೆ. ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಸ್ವಂತ ನೌಕರರಿಗಷ್ಟೇ ಮಾಡಿದ ಖರ್ಚು ಆ ಲೆಕ್ಕಕ್ಕೆ ಸೇರದು. ಅಂದರೆ ಸುರಕ್ಷತೆ ದಾನವಲ್ಲ, ಸಾಲ. ಸಮುದಾಯ ಭವನ ಕಟ್ಟಿಸಿಕೊಟ್ಟರೆ ಅದು ತೀರುವುದಿಲ್ಲ. ಭವನಕ್ಕೆ ಒಪ್ಪಿಗೆ ಕೊಡುವ ಠರಾವಿನಲ್ಲೇ ಇದೂ ಬರೆಯಲಿ: ಕಾರ್ಖಾನೆಯ ನೀರಿನ ಟಾಕಿ ತುಂಬಿದೆಯೇ, ಹಿಂದಿನ ಬಾಗಿಲಿಗೆ ಬೀಗವಿದೆಯೇ, ರಾತ್ರಿ ಪಾಳಿಯಲ್ಲಿ ಒಳಗೆ ಎಷ್ಟು ಜನ?