ಕ್ಯಾರನ್ ಮೇಲಿನ ಹಳೆಯ ದೂರು

ಫ್ರೆಂಚ್ ನರ್ತಕಿ-ನಟಿ ಲೆಸ್ಲಿ ಕ್ಯಾರನ್ ಬಗ್ಗೆ ಬ್ಯಾಲೆ ಪ್ರಿಯರು ಮಾತಾಡುವಾಗ ಒಂದು ನಿಟ್ಟುಸಿರು ತಪ್ಪುವುದಿಲ್ಲ: ರಂಗಕ್ಕೆ ದಕ್ಕಬೇಕಿದ್ದ ಹುಡುಗಿ ಹಾಲಿವುಡ್ ಪಾಲಾದಳು. ಈ ಅನುಕಂಪ ನನಗೆ ಸಿಟ್ಟು ತರಿಸುತ್ತದೆ. ನೃತ್ಯ ಸಂಯೋಜಕ ರೋಲಾಂ ಪೆತಿಯ ಗರಡಿಯಿಂದ ಬಂದವರನ್ನೆಲ್ಲ, ಝಿಝಿ ಝಾನ್‌ಮೇರ್ ಸೇರಿದಂತೆ, ಚೆಲುವುಂಟು, ನಾಟಕವುಂಟು, ಶುದ್ಧ ನೃತ್ಯವಿಲ್ಲ ಎಂದು ಪಕ್ಕಕ್ಕೆ ಸರಿಸುವ ತೀರ್ಪಿನದೇ ಮರಿ ಈ ನಿಟ್ಟುಸಿರು.

ಶುದ್ಧ ಎಂದರೆ ಯಾವುದು? 1946ರಲ್ಲಿ ಪೆತಿ ಕಟ್ಟಿದ ‘ಯುವಕ ಮತ್ತು ಸಾವು’ ಬ್ಯಾಲೆಯಲ್ಲಿ ನರ್ತಕ ಝಾನ್ ಬಾಬಿಲೆ ಅಟ್ಟದ ಕೋಣೆಯೊಂದರಲ್ಲಿ ಸಿಗರೇಟು ಸೇದುತ್ತಾನೆ, ಗಡಿಯಾರ ನೋಡುತ್ತಾನೆ, ಮೇಜು ಕುರ್ಚಿಗಳ ಮೇಲೆ ಎರಗುತ್ತಾನೆ, ಕಡೆಗೆ ನೇಣಿಗೆ ಕೊರಳೊಡ್ಡುತ್ತಾನೆ. ಅಲ್ಲಿ ನಟನೆಯನ್ನು ಕಳೆದರೆ ನೃತ್ಯವೂ ಉಳಿಯದು. ಇದು ಪೆತಿಯ ಚಪಲವೂ ಅಲ್ಲ. ಬರಿಯ ಕಾಲ್ಚಳಕ ಸಾಲದು, ಬ್ಯಾಲೆ ಕಥೆಯನ್ನೂ ಭಾವವನ್ನೂ ಹೊರಬೇಕೆಂದು ಫ್ರೆಂಚ್ ನೃತ್ಯಗುರು ನೊವೆರ್ 1760ರಲ್ಲೇ ವಾದಿಸಿದ್ದ. ಫ್ರೆಂಚ್ ಬ್ಯಾಲೆಯಲ್ಲಿ ನಟನೆ ಹಿಂದಿನಿಂದಲೂ ಮನೆಯವಳೇ. ಅವಳನ್ನು ಹೊರಗಟ್ಟಿದ ಅಭಿರುಚಿಯೇ ತಡವಾಗಿ ಬಂದದ್ದು.

ಕ್ಯಾರನ್ ಕಲಿತದ್ದು ಈ ಪಾಠ. 1948ರಲ್ಲಿ ಬಾಬಿಲೆಯ ಎದುರು ಸ್ಫಿಂಕ್ಸ್ ಆಗಿ ನರ್ತಿಸಿದ ಆಕೆಯನ್ನು ಹಾಲಿವುಡ್ಡಿನ ನರ್ತಕ-ನಟ ಜೀನ್ ಕೆಲಿ ಕಂಡ. 1951ರಲ್ಲಿ ಆಕೆ ಅವನ ಜೊತೆ ನಟಿಸಿದ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಬಂತು. ಅದರ ಕೊನೆಯ ಸುಮಾರು 17 ನಿಮಿಷದ ಬ್ಯಾಲೆಯನ್ನು ಎಲ್ಲರೂ ಹೊಗಳುತ್ತಾರೆ, ನಾನು ಹೊಗಳಬೇಕಾಗಿಲ್ಲ. ಒಂಬತ್ತು ಆಸ್ಕರ್ ಬಾಚಿದ ‘ಜೀಜಿ’ಯಲ್ಲಿ ಆಕೆಯ ಹಾಡುಗಳಿಗೆ ದನಿ ಇನ್ನೊಬ್ಬರದು, ಆ ಚಿತ್ರ ನನಗೆ ಬೇಕಿಲ್ಲ.

ನನಗೆ ಬೇಕಾದದ್ದು 1953ರ ‘ಲಿಲಿ’. ಅನಾಥ ಹುಡುಗಿ ಕೈಗೊಂಬೆಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬುದನ್ನೇ ಮರೆತು ಅವುಗಳೊಡನೆ ಮಾತಿಗಿಳಿಯುತ್ತಾಳೆ. ಮಾತು ಸಾಧಾರಣ. ಆದರೆ ಗೊಂಬೆಯ ಉತ್ತರಕ್ಕಾಗಿ ಆ ಕತ್ತು ಕಾಯುವ ರೀತಿ ನೋಡಿ! ಜೊತೆಗಾರನ ಮುಂದಿನ ಚಲನೆಗೆ ಇಡೀ ಮೈಯನ್ನು ಕಿವಿಯಾಗಿಸುವುದು ನರ್ತಕಿಯ ವಿದ್ಯೆ. ಸಂಭಾಷಣೆ ಒಪ್ಪಿಸುವುದನ್ನಷ್ಟೇ ಕಲಿತ ನಟಿಗೆ ಅದು ಒಲಿಯುವುದಿಲ್ಲ.

1962ರ ‘ದಿ ಎಲ್-ಶೇಪ್ಡ್ ರೂಮ್’ ಇನ್ನೂ ದೊಡ್ಡದು. ಮದುವೆಯಿಲ್ಲದೆ ಬಸುರಿಯಾದ ಫ್ರೆಂಚ್ ಹುಡುಗಿ, ಲಂಡನ್ನಿನ ಬಡ ಬಾಡಿಗೆ ಮನೆಯ ಮೇಲಂತಸ್ತು, ತಿಗಣೆ ತುಂಬಿದ ಹಾಸಿಗೆ. ನೃತ್ಯದ ಒಂದು ಹೆಜ್ಜೆಯೂ ಇಲ್ಲ. ಹಗುರವಾಗಿರಲು ವರ್ಷಗಟ್ಟಲೆ ಪಳಗಿದ ದೇಹ ಇಲ್ಲಿ ಭಾರವನ್ನು ಒಪ್ಪಿಕೊಳ್ಳುತ್ತದೆ. ಬ್ರಿಟಿಷ್ ಅಕಾಡೆಮಿ ಆಕೆಗೆ ಪ್ರಶಸ್ತಿ ಕೊಟ್ಟಿತು. ಬ್ಯಾಲೆ ವಿಮರ್ಶಕರು ಇದನ್ನು ತಮ್ಮ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇದೇ ಅಭಿರುಚಿ ನರ್ತಕ ಮಿಖಾಯಿಲ್ ಬಾರಿಶ್ನಿಕೋವ್ ಮುಂದೆ ಮೆತ್ತಗಾಗುತ್ತದೆ. 1985ರ ‘ವೈಟ್ ನೈಟ್ಸ್’ ಚಿತ್ರ ಆರಂಭವಾಗುವುದೇ ಆತ ಪೆತಿಯ ಆ ಯುವಕನಾಗಿ ಕುಣಿಯುವುದರಿಂದ. ಆತ ನಟಿಸಿದರೆ ಪ್ರತಿಭೆಯ ವಿಸ್ತಾರ, ಕ್ಯಾರನ್ ನಟಿಸಿದರೆ ಕಲೆಗೆ ನಷ್ಟ! ಎತ್ತರಕ್ಕೆ ಜಿಗಿದವನಿಗೆ ಎಲ್ಲ ಮಾಫಿ. ಜಿಗಿತವನ್ನು ಅಳೆಯಬಹುದು, ಎಣಿಸಬಹುದು. ಹೆಂಗಸೊಬ್ಬಳು ಮಂಚದ ಅಂಚಿನಲ್ಲಿ ಕೂರುವುದನ್ನು ಅಳೆಯುವ ಪರಿಕರ ಇವರ ಬಳಿ ಇಲ್ಲ. ಕೌಶಲವನ್ನೇ ಕಲೆಯೆಂದು ನಂಬಿದ ಈ ಕಣ್ಣು ಸಂಗೀತ ಕಛೇರಿಯಲ್ಲೂ ವೇಗಕ್ಕೇ ಚಪ್ಪಾಳೆ ತಟ್ಟುತ್ತದೆ.

ಯುದ್ಧಾನಂತರದ ಫ್ರೆಂಚ್ ಬ್ಯಾಲೆಯ ಚರಿತ್ರೆ ಬರೆಯುವವರು ಲಂಡನ್ನಿನ ಆ ಬಾಡಿಗೆ ಕೋಣೆಗೂ ಒಂದು ಅಧ್ಯಾಯ ಕೊಡಬೇಕು. ಬಾಬಿಲೆಯ ಅಟ್ಟದ ಕೋಣೆಗಿಂತ ಅದು ಮೇಲೆಂದೇ ನನ್ನ ತೀರ್ಮಾನ.